ಬುಟ್ಟಿಯಲ್ಲಿ ಬಂದ ಬೆಕ್ಕು, ಬಚ್ಚಲಿನಲ್ಲಿದ್ದ ಚಿಗಟ: ಒಂದು ಪ್ರಕರಣ ಅಧ್ಯಯನ

ಜುಲೈ ತಿಂಗಳ ಎರಡನೆಯ ವಾರ. ತೀರ್ಥಹಳ್ಳಿ ಸೀಮೆಯ ಮಳೆ ಹೇಗಿರಬೇಕೋ ಹಾಗೆ ಸುರಿಯುತ್ತಿತ್ತು. ಆಸ್ಪತ್ರೆಯ ಬಾಗಿಲು ತೆರೆದು ಅರ್ಧ ಗಂಟೆಯಾಗಿರಲಿಲ್ಲ, ಮಾವ ಮತ್ತು ಸೊಸೆ ಒಂದು ಬಿದಿರಿನ ಬುಟ್ಟಿ ಹಿಡಿದು ಒಳಗೆ ಬಂದರು. ಬುಟ್ಟಿಯಲ್ಲಿದ್ದುದು ಬೂದು ಬಣ್ಣದ ಹೆಣ್ಣು ಬೆಕ್ಕು. ಅದರ ಕಿವಿಯ ತುದಿ, ಮೀಸೆಯ ಬುಡ ಒಂದೇ ಸಮನೆ ಅದುರುತ್ತಿದ್ದವು. ಬೆನ್ನ ಮೇಲೆ ಬೆರಳಿಟ್ಟರೆ ಇಡೀ ಮೈ ಸೆಟೆದು ನಡುಗುತ್ತಿತ್ತು. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು.

"ಮನೆಯಲ್ಲಿ ಏನಾದರೂ ಔಷಧ ಹೊಡೆದಿದ್ದೀರಾ?" ಎಂದು ಕೇಳಿದೆ. ಸೊಸೆ ಮಾವನ ಮುಖ ನೋಡಿದರು.

"ಹಚ್ಚಿದ್ದು ನಾಯಿಗೆ, ಡಾಕ್ಟರೇ. ಬೆಕ್ಕಿಗಲ್ಲ" ಎಂದರು ಯಜಮಾನರು.

ಹಚ್ಚಿದ್ದು ಕೊಟ್ಟಿಗೆಯ ಗೂಡಿನಲ್ಲಿದ್ದ, ದನಗಳ ಉಣುಗಿಗೆಂದು ತಂದಿಟ್ಟ ಡೆಲ್ಟಾಮೆಥ್ರಿನ್. ಅಳತೆ ಒಂದು ಮುಚ್ಚಳ ಔಷಧ, ಅರ್ಧ ಚೊಂಬು ನೀರು. ದನದ ಮೈಗೆ ಲೀಟರುಗಟ್ಟಲೆ ನೀರಿನಲ್ಲಿ ತೆಳುವಾಗಿಸಿ ಸವರಬೇಕಾದ ಔಷಧವದು. ನಾಯಿಯ ಹೆಸರು ಕೆಂಚ, ಬೆಕ್ಕು ಅದರ ಹೊಟ್ಟೆಗೆ ಒರಗಿ ಮಲಗುತ್ತದೆ. ಆ ರಾತ್ರಿಯೂ ಹಾಗೆಯೇ ಮಲಗಿತ್ತು, ಬೆಳಗ್ಗೆ ಎದ್ದು ತನ್ನ ಮೈ ನೆಕ್ಕಿಕೊಂಡಿತ್ತು.

ಡೆಲ್ಟಾಮೆಥ್ರಿನ್ ಸೇರುವ ಪೈರೆಥ್ರಾಯ್ಡ್ ಗುಂಪಿನ ಔಷಧಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಾಯಿ ತಡೆದುಕೊಳ್ಳುವ ಪ್ರಮಾಣ ಬೆಕ್ಕಿನ ಜೀವ ತೆಗೆಯಬಲ್ಲದು. ನಡುಕ ನಿಲ್ಲಿಸುವ ಚುಚ್ಚುಮದ್ದು ಕೊಟ್ಟು, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ಮೈ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ, ರಕ್ತನಾಳಕ್ಕೆ ದ್ರವ ಏರಿಸಿದೆವು. ಎರಡು ದಿನ ಅದು ನಮ್ಮಲ್ಲೇ ಇತ್ತು. ಮೂರನೆಯ ಬೆಳಗ್ಗೆ ಹಾಲು ಕುಡಿಯಿತು. ಬೆಕ್ಕಿನ ಕತೆ ಇಲ್ಲಿಗೆ ಮುಗಿಯುತ್ತದೆ. ಈ ಬರಹ ಇರುವುದು ಕೆಂಚನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕೆಂಚನಿದ್ದ ಮನೆಯ ಬಗ್ಗೆ.

ಹೆಸರು ತಪ್ಪಿದಾಗ

ಮಾರನೆಯ ದಿನ ಕೆಂಚನನ್ನು ಕರೆತಂದರು. ನಾಲ್ಕು ವರ್ಷದ ಗಂಡು ನಾಟಿ ನಾಯಿ, ತೂಕ 18 ಕಿಲೋ. ಬಾಲದ ಬುಡದಿಂದ ಸೊಂಟದವರೆಗೆ ಕೂದಲು ಉದುರಿ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಹಿಂದೊಡೆಯ ಒಳಭಾಗದಲ್ಲಿ ತಾನೇ ಕಚ್ಚಿಕೊಂಡು ಮಾಡಿಕೊಂಡ ಹಸಿ ಗಾಯಗಳಿದ್ದವು. ಒಸಡು ಬಿಳಿಚಿತ್ತು.

"ಉಣುಗು ಹತ್ತಿದೆ" ಎಂದರು ಯಜಮಾನರು. ಆ ಮಾತಿನ ಹಿಂದೆ ಸುಮ್ಮನೆ ತಳ್ಳಿಹಾಕಲಾಗದ ಭಯವಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವ ರೋಗ. ಬೇಸಗೆ ಬಂತೆಂದರೆ ಕಾಡಿಗೆ ಹೋಗುವವರು ಕೈಕಾಲಿಗೆ ತೈಲ ಸವರಿಕೊಂಡು ಹೋಗುವ ಊರು ನಮ್ಮದು. ನಾಯಿಯ ಮೈಯಲ್ಲಿ ಸಣ್ಣ ಜೀವಿ ಓಡಾಡುವುದು ಕಂಡ ಹಿರಿಯರೊಬ್ಬರು ದನದ ಉಣುಗಿನ ಔಷಧಕ್ಕೆ ಕೈಹಾಕಿದ್ದರೆ ಅದು ಆ ಭಯದಿಂದಲೇ.

ಆದರೆ ಕೆಂಚನ ಮೈಯಲ್ಲಿದ್ದುದು ಉಣುಗಲ್ಲ, ಚಿಗಟ. ಉಣುಗಿಗೆ ಎಂಟು ಕಾಲು, ಅದು ಕಚ್ಚಿ ಹಿಡಿದು ಒಂದೇ ಜಾಗದಲ್ಲಿ ಕುಳಿತು ಉಬ್ಬುತ್ತದೆ. ಚಿಗಟಕ್ಕೆ ಆರು ಕಾಲು. ಪಕ್ಕದಿಂದ ಪಕ್ಕಕ್ಕೆ ಚಪ್ಪಟೆಯಾದ, ಎಳ್ಳಿನ ಕಾಳಿಗಿಂತ ತೆಳ್ಳನೆಯ ಕಂದು ಮೈ, ಕೂದಲ ನಡುವೆ ನುಸುಳಿ ಓಡಿ ನೆಗೆಯುತ್ತದೆ. ನಮ್ಮಲ್ಲಿ ಇವೆರಡನ್ನೂ, ಹೇನನ್ನೂ ಸೇರಿಸಿ ಒಂದೇ ಹೆಸರಿನಿಂದ ಕರೆಯುವವರು ಬಹಳ. ಹೆಸರು ತಪ್ಪಿದರೆ ಔಷಧ ತಪ್ಪುತ್ತದೆ, ಹುಡುಕುವ ಜಾಗವೂ ತಪ್ಪುತ್ತದೆ.

ನಾನು ಹೇನು ಬಾಚುವ ಸಣ್ಣ ಹಲ್ಲಿನ ಹಣಿಗೆಯಿಂದ ಹತ್ತು ನಿಮಿಷ ಬಾಚಿ, ಬಂದದ್ದನ್ನೆಲ್ಲ ಸೋಪಿನ ನೀರಿಗೆ ತಟ್ಟಿದೆ. 43 ಚಿಗಟ. ಹಣಿಗೆಯಲ್ಲಿ ಉಳಿದ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ ಇಬ್ಬರಿಗೂ ತೋರಿಸಿದೆ. ಒಂದು ನಿಮಿಷದಲ್ಲಿ ಪ್ರತಿಯೊಂದು ಕಣದ ಸುತ್ತ ಇಟ್ಟಿಗೆ ಬಣ್ಣದ ವೃತ್ತ ಮೂಡಿತು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಜೀರ್ಣವಾಗದೆ ಉಳಿದ ಕೆಂಚನದೇ ರಕ್ತ. ಸೊಸೆ ಬಹಳ ಹೊತ್ತು ಆ ಹತ್ತಿಯನ್ನೇ ನೋಡುತ್ತಿದ್ದರು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು. ನಾಯಿಗೆ 12ಕ್ಕಿಂತ ಮೇಲಿರಬೇಕು. ಉಣುಗಿನಿಂದ ಬರುವ ರಕ್ತರೋಗಗಳಿಗಾಗಿ ನೋಡಿದೆವು, ಅವು ಇರಲಿಲ್ಲ. ಗುದದ ಸುತ್ತ ಒಣಗಿದ ಅಕ್ಕಿಕಾಳಿನಂಥ ತುಣುಕುಗಳಿದ್ದವು. ಲಾಡಿಹುಳುವಿನ ತುಂಡುಗಳು. ಅದೂ ಚಿಗಟದಿಂದಲೇ ಬಂದದ್ದು. ಹುಳುವಿನ ಮೊಟ್ಟೆಯನ್ನು ಚಿಗಟದ ಮರಿ ತಿನ್ನುತ್ತದೆ, ಬೆಳೆದ ಚಿಗಟವನ್ನು ನಾಯಿ ಕಚ್ಚಿ ನುಂಗುತ್ತದೆ. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ, ನಾಯಿಯ ಕುತ್ತಿಗೆ ತಬ್ಬಿಕೊಂಡೇ ಆಡುತ್ತದೆ ಎಂದು ಗೊತ್ತಾದಾಗ, ಮಗುವಿನ ಮಲಪರೀಕ್ಷೆ ಮಾಡಿಸಿ ಎಂದು ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿದೆ. ಅದೃಷ್ಟಕ್ಕೆ ಏನೂ ಇರಲಿಲ್ಲ. ಕಣಕಾಲಿನಲ್ಲಿ ಕಡಿತದ ಕೆಂಪು ಗುಳ್ಳೆಗಳು ಮಾತ್ರ ಇದ್ದವು.

ಆರು ವಾರಗಳ ಮನೆಮದ್ದು

ಕೆರೆತ ಶುರುವಾದದ್ದು ಮೇ ಕೊನೆಯಲ್ಲಿ. ಅಲ್ಲಿಂದ ಜುಲೈವರೆಗೆ ಏನೇನಾಯಿತು ಎಂಬುದನ್ನು ಸೊಸೆ ಒಂದೊಂದಾಗಿ ಹೇಳಿದರು. ಆ ಮನೆಯವರು ತೋಟಕ್ಕೆ ರಾಸಾಯನಿಕ ಗೊಬ್ಬರ ಹಾಕುವುದನ್ನು ಬಿಟ್ಟು ವರ್ಷಗಳಾಗಿವೆ. ಅಂಗಳದ ಅಂಚಿನಲ್ಲಿ ಐದು ತುಡುವೆ ಜೇನಿನ ಪೆಟ್ಟಿಗೆಗಳಿವೆ. ನಾಯಿಗೂ ವಿಷ ಮುಟ್ಟಿಸಬಾರದು ಎಂಬುದು ಆಕೆಯ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಆ ನಿಲುವಿನ ಬಗ್ಗೆ ನನಗೆ ಆಗಲೂ ಗೌರವವಿತ್ತು, ಈಗಲೂ ಇದೆ.

ಮೊದಲು ಕಹಿಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ. ಮಲೆನಾಡಿನ ಈ ಮಳೆಗೆ ಬೇವಿನ ಮರ ಸರಿಯಾಗಿ ಬರುವುದಿಲ್ಲ, ಸೊಪ್ಪನ್ನು ಬಯಲುಸೀಮೆಯ ನೆಂಟರು ತಂದುಕೊಟ್ಟಿದ್ದರು. ಎರಡು ದಿನ ಕೆರೆತ ಕಡಿಮೆಯಾದಂತೆ ಕಂಡಿತು, ಮತ್ತೆ ಮೊದಲಿನಂತೆಯೇ. ಆಮೇಲೆ ಪೇಟೆಯಿಂದ ತಂದ ಬೇವಿನ ಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ, ಕರ್ಪೂರ ಪುಡಿಮಾಡಿ ಹಾಕಿ, ದಿನ ಬಿಟ್ಟು ದಿನ ಬೆನ್ನಿಗೆ ತಿಕ್ಕಿದರು. ಕೆಂಚ ಅದನ್ನು ನೆಕ್ಕಿ ಎರಡು ಬಾರಿ ವಾಂತಿ ಮಾಡಿತು, ಗಾಯವಿದ್ದ ಕಡೆ ಚರ್ಮ ಸುಟ್ಟಂತೆ ಕೆಂಪಾಯಿತು. ಬಳಿಕ ಯಾರೋ ಹೇಳಿದರೆಂದು ದಿನಕ್ಕೆ ಐದಾರು ಎಸಳು ಬೆಳ್ಳುಳ್ಳಿ ಜಜ್ಜಿ ಅನ್ನದಲ್ಲಿ ಕಲಸಿ ಎರಡು ವಾರ ಹಾಕಿದರು. ರಕ್ತಕ್ಕೆ ಬೆಳ್ಳುಳ್ಳಿಯ ವಾಸನೆ ಬಂದರೆ ಚಿಗಟ ಕಚ್ಚುವುದಿಲ್ಲ ಎಂಬ ನಂಬಿಕೆ. ಕೊನೆಗೆ, ಸೊಸೆ ತವರಿಗೆ ಹೋಗಿದ್ದ ದಿನ, ನಾಯಿಯ ಪಾಡು ನೋಡಲಾರದೆ ಯಜಮಾನರು ಕೊಟ್ಟಿಗೆಯ ಗೂಡಿಗೆ ಕೈಹಾಕಿದ್ದರು.

ಮಾವ ರಾಸಾಯನಿಕದ ಕಡೆ, ಸೊಸೆ ನಿಸರ್ಗದ ಕಡೆ ಎಂದು ಆ ಮನೆಯಲ್ಲಿ ಎರಡು ಪಕ್ಷಗಳಾಗಿದ್ದವು. ಆದರೆ ಕೆಂಚನ ಮೈ ಆ ಗೆರೆಯನ್ನು ಗುರುತಿಸಿರಲಿಲ್ಲ. ಡೆಲ್ಟಾಮೆಥ್ರಿನ್ ಕಾರ್ಖಾನೆಯಲ್ಲಿ ಹುಟ್ಟಿದ್ದು ನಿಜ, ಆದರೆ ಅದರ ಮಾದರಿ ಸಿಕ್ಕಿದ್ದು ಸೇವಂತಿಗೆಯ ಬಂಧುವಾದ ಪೈರೆಥ್ರಮ್ ಹೂವಿನಲ್ಲಿ. ಕರ್ಪೂರ ನೂರಾರು ವರ್ಷಗಳ ಕಾಲ ಮರದಿಂದಲೇ ಬಂದ ವಸ್ತು, ಚರ್ಮದ ಮೂಲಕವೂ ಒಳಸೇರಿ ನಾಯಿಗೆ ಫಿಟ್ಸ್ ತರಬಲ್ಲದು. ಬೆಳ್ಳುಳ್ಳಿ, ಈರುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಮೊದಲೇ ರಕ್ತ ಕಳೆದುಕೊಂಡ ನಾಯಿಗೆ ಅದನ್ನು ಕೊಡುವುದು ಸೋರುವ ಕೊಡಕ್ಕೆ ಇನ್ನೊಂದು ತೂತು ಕೊರೆದಂತೆ. ಇತರ ಮನೆಗಳಲ್ಲಿ ನಾನು ನೋಡಿರುವ ಮದ್ದುಗಳು ಇದಕ್ಕಿಂತ ಕೆಟ್ಟವು. ಹೊಗೆಸೊಪ್ಪಿನ ಕಷಾಯದಲ್ಲಿ ನಿಕೋಟಿನ್ ಇರುತ್ತದೆ. ಸೀತಾಫಲದ ಬೀಜದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಗುಡ್ಡೆಯ ಪೊರೆ ಹುಣ್ಣಾಗುತ್ತದೆ. ಸೀಮೆಎಣ್ಣೆಯ ಬಗ್ಗೆ ಹೇಳುವುದೇ ಬೇಡ.

ಬೇವಿನ ಬಗ್ಗೆ ಮಾತ್ರ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ಸತ್ವವಿದೆ. ಬೇವಿನ ಬೀಜದ ಅಜಾಡಿರಾಕ್ಟಿನ್ ಕೀಟದ ಮರಿ ಪೊರೆ ಕಳಚಿ ಬೆಳೆಯುವ ಕ್ರಮವನ್ನೇ ಕೆಡಿಸುತ್ತದೆ, ಎಲೆ ತಿನ್ನುವ ಹುಳುವಿಗೆ ಹಸಿವು ಇಂಗಿಸುತ್ತದೆ. ಬೆಳೆಯ ಮೇಲೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ನಾಯಿಯ ಮೈಮೇಲಿರುವುದು ಬೆಳವಣಿಗೆ ಮುಗಿಸಿದ ಚಿಗಟ. ಅದಕ್ಕೆ ಇನ್ನು ಪೊರೆ ಕಳಚುವುದಿಲ್ಲ. ಎಲೆ ಕುದಿಸಿದ ನೀರಿನಲ್ಲಂತೂ ಬೀಜದ ಸತ್ವ ಇರುವುದು ಅಲ್ಪ. ಬೇವಿನ ಸ್ನಾನದ ಬಳಿಕ ಎರಡು ದಿನ ಹಗುರಾದದ್ದು ಬೇವಿನಿಂದಲ್ಲ, ಸ್ನಾನದಿಂದ. ನೀರು ಒಂದಷ್ಟು ಚಿಗಟವನ್ನು, ಹಿಕ್ಕೆಯನ್ನು ತೊಳೆದುಕೊಂಡು ಹೋಗಿತ್ತು ಅಷ್ಟೆ.

ಬಚ್ಚಲ ಒಲೆಯ ಪಕ್ಕ

ನಾಲ್ಕನೆಯ ದಿನ ಆ ಮನೆಗೆ ಹೋದೆ. ಚಿಗಟದ ಪ್ರಕರಣದಲ್ಲಿ ನಾಯಿಯನ್ನು ಮಾತ್ರ ನೋಡಿ ಔಷಧ ಬರೆದರೆ ಅರ್ಧ ಕೆಲಸವೂ ಆಗುವುದಿಲ್ಲ. ಒಂದು ಮನೆಯಲ್ಲಿರುವ ಒಟ್ಟು ಚಿಗಟ ಸಂತತಿಯಲ್ಲಿ ನಾಯಿಯ ಮೈಮೇಲೆ ಕಾಣುವುದು ಸುಮಾರು ನೂರಕ್ಕೆ 5 ಪಾಲು. ಉಳಿದ 95 ಪಾಲು ಮೊಟ್ಟೆ, ಮರಿಹುಳು, ಗೂಡುಗಳಾಗಿ ನೆಲದಲ್ಲಿರುತ್ತದೆ. ರಕ್ತ ಕುಡಿದ ಒಂದೆರಡು ದಿನದಲ್ಲಿ ಹೆಣ್ಣು ಚಿಗಟ ಮೊಟ್ಟೆಯಿಡಲು ಶುರುಮಾಡುತ್ತದೆ, ದಿನಕ್ಕೆ 40ರಿಂದ 50. ಮೊಟ್ಟೆ ನುಣ್ಣಗಿರುವುದರಿಂದ ಕೂದಲಿಗೆ ಅಂಟದೆ, ನಾಯಿ ಎಲ್ಲಿ ಮಲಗಿತೋ ಅಲ್ಲಿ ಉದುರುತ್ತದೆ. ಅದರೊಂದಿಗೆ ಹಿಕ್ಕೆಯೂ ಉದುರುತ್ತದೆ, ಅದೇ ಮರಿಹುಳುವಿನ ಊಟ. ಮರಿ ಬೆಳಕಿಗೆ ಹೆದರಿ ಬಿರುಕಿನೊಳಗೆ, ಚೀಲದ ಅಡಿಗೆ ಇಳಿಯುತ್ತದೆ. ಅದಕ್ಕೆ ಬೇಕಾದದ್ದು ಬೆಚ್ಚಗಿನ ನೆಲ ಮತ್ತು ತೇವದ ಗಾಳಿ. ಗಾಳಿಯ ತೇವ ನೂರಕ್ಕೆ 50ಕ್ಕಿಂತ ಕೆಳಗಿಳಿದರೆ ಅದು ಒಣಗಿ ಸಾಯುತ್ತದೆ. ನಮ್ಮ ಆಷಾಢದಲ್ಲಿ ಒಣಗುವ ಮಾತೆಲ್ಲಿ?

ಕೆಂಚ ಎಲ್ಲೆಲ್ಲಿ ಮಲಗುತ್ತದೆ ಎಂದು ಮಗುವನ್ನು ಕೇಳಿದೆ. ದೊಡ್ಡವರು ಜಗಲಿ ಎಂದಿದ್ದರು. ಮಗು ನನ್ನ ಕೈಹಿಡಿದು ನೇರ ಬಚ್ಚಲುಮನೆಗೆ ಕರೆದೊಯ್ದಿತು. ಮಳೆಗಾಲದಲ್ಲಿ ಹಂಡೆಯ ಒಲೆ ಆ ಮನೆಯಲ್ಲಿ ಆರುವುದೇ ಇಲ್ಲ. ಒಲೆಯ ಪಕ್ಕ, ಸೌದೆ ಒಟ್ಟಿದ ಮೂಲೆಯಲ್ಲಿ ಮಡಚಿ ಹಾಸಿದ ಗೋಣಿಚೀಲ, ಅದೇ ಕೆಂಚನ ಅರಮನೆ. ಬೆಚ್ಚಗೆ, ಕತ್ತಲು, ಹಂಡೆಯ ಹಬೆಯ ತೇವ. ಚಿಗಟ ಸಾಕಬೇಕೆಂದು ಯಾರಾದರೂ ಯೋಚಿಸಿ ಕಟ್ಟಿದರೂ ಇದಕ್ಕಿಂತ ಒಳ್ಳೆಯ ಜಾಗ ಕಟ್ಟಲಾಗದು. ಗೋಣಿಯನ್ನು ಬಿಳಿ ಪಂಚೆಯ ಮೇಲೆ ಕೊಡವಿದಾಗ ಉಪ್ಪು ಮೆಣಸು ಬೆರೆಸಿ ಚೆಲ್ಲಿದಂತೆ ಕಂಡಿತು. ಬಿಳಿಯದು ಮೊಟ್ಟೆ, ಕರಿಯದು ಹಿಕ್ಕೆ. ನಡುವೆ ನೂಲಿನ ತುಂಡಿನಂಥ ಬಿಳಿ ಹುಳುಗಳು ಹೊರಳುತ್ತಿದ್ದವು.

ಎರಡನೆಯ ಜಾಗ ಕೊಟ್ಟಿಗೆಯ ಮೂಲೆ. ದನಕ್ಕೆ ಹಾಸಲು ಸೊಪ್ಪಿನಬೆಟ್ಟದಿಂದ ಬೇಸಗೆಯಲ್ಲಿ ಗುಡಿಸಿ ತಂದ ಒಣ ದರಗಿನ ರಾಶಿ. ಮಧ್ಯಾಹ್ನದ ನಿದ್ದೆ ಅಲ್ಲಿ. ಜಗಲಿ ಮೂರನೆಯದು, ಅಲ್ಲಿ ಹೆಚ್ಚೇನಿರಲಿಲ್ಲ. ಕೆಂಪು ಗಾರೆಯ ನುಣುಪು ನೆಲ, ದಿನಾ ಗುಡಿಸುತ್ತಾರೆ.

ಆ ರಾತ್ರಿ ಬಚ್ಚಲ ಮೂಲೆಯಲ್ಲಿ ಒಂದು ಊಟದ ತಟ್ಟೆಯಲ್ಲಿ ಸೋಪಿನ ನೀರು ತುಂಬಿ, ಮೇಲೆ ಒಂದು ಗೇಣು ಎತ್ತರದಲ್ಲಿ ಬ್ಯಾಟರಿ ದೀಪ ಇಡಲು ಹೇಳಿದೆ. ಗೂಡಿನಿಂದ ಹೊರಬಂದ ಹಸಿದ ಚಿಗಟ ಬೆಚ್ಚಗಿನ ಬೆಳಕಿನತ್ತ ನೆಗೆಯುತ್ತದೆ, ಸೋಪು ನೀರಿನ ಬಿಗಿಯನ್ನು ಸಡಿಲಿಸುವುದರಿಂದ ಮುಳುಗುತ್ತದೆ. ಬೆಳಗ್ಗೆ ಸೊಸೆ ಫೋನ್ ಮಾಡಿ ಸಂಖ್ಯೆ ಹೇಳಿದರು: 31. ಇದರಿಂದ ಚಿಗಟ ನಿರ್ಮೂಲವಾಗುವುದಿಲ್ಲ, ಆದರೆ ಎಲ್ಲಿ ಎಷ್ಟಿದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಸಾಧನ ಇಲ್ಲ.

ಯಾವ ಔಷಧ, ಯಾಕೆ

ಅಲ್ಲೇ ಜಗಲಿಯಲ್ಲಿ ಕುಳಿತು ಒಂದು ಗಂಟೆಗೂ ಹೆಚ್ಚು ಮಾತನಾಡಿದೆವು. ಸೊಸೆಯ ಪ್ರಶ್ನೆಗಳು ನೇರವಾಗಿದ್ದವು. "ಮಾತ್ರೆ ಕೊಟ್ಟರೆ ನಾಯಿಗೆ ಫಿಟ್ಸ್ ಬರುತ್ತದಂತೆ, ನಿಜವೇ? ಬೆನ್ನಿಗೆ ಹಾಕುವ ಹನಿ ಮಗುವಿನ ಕೈಗೆ ಹತ್ತುವುದಿಲ್ಲವೇ? ನನ್ನ ಜೇನಿಗೆ ಏನಾಗುತ್ತದೆ?"

ಇವು ಹೆದರಿಕೆಯ ಪ್ರಶ್ನೆಗಳಲ್ಲ, ತಿಳಿದವರು ಕೇಳುವ ಪ್ರಶ್ನೆಗಳು. ನಾನು ತಿಳಿದಷ್ಟನ್ನು ಮುಚ್ಚದೆ ಹೇಳಿದೆ.

ಬೆನ್ನಿನ ಮೇಲೆ ಹನಿಸುವ ಔಷಧಗಳಲ್ಲಿ ಫಿಪ್ರೋನಿಲ್ ಹೆಚ್ಚು ಬಳಕೆಯಲ್ಲಿದೆ. ಚರ್ಮದ ಎಣ್ಣೆಯಲ್ಲಿ ಹರಡಿ ತಿಂಗಳು ನಿಲ್ಲುತ್ತದೆ. ನಾಯಿಗೆ ಸುರಕ್ಷಿತವೇ, ಆದರೆ ಜೇನಿಗೆ, ನೀರಿನ ಹುಳುಗಳಿಗೆ ಅತಿ ಅಲ್ಪ ಪ್ರಮಾಣದಲ್ಲೂ ವಿಷ. ಇಂಗ್ಲೆಂಡಿನ 20 ನದಿಗಳ ನೀರಿನ ಮಾದರಿಗಳನ್ನು ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 98 ಮಾದರಿಗಳಲ್ಲಿ ಫಿಪ್ರೋನಿಲ್ ಸಿಕ್ಕಿತ್ತು. ಅಲ್ಲಿ ಹೊಲಗಳಲ್ಲಿ ಅದರ ಬಳಕೆ ಹೆಚ್ಚಿಲ್ಲದ್ದರಿಂದ ಸಾಕುಪ್ರಾಣಿಗಳ ಚಿಗಟದ ಔಷಧದ ಮೇಲೆ ಬೊಟ್ಟು ಮಾಡಿದರು. ಕೆಂಚನೋ ದಿನಕ್ಕೆ ಹತ್ತು ಸಲ ಅಡಿಕೆ ತೋಟದ ಬಸಿಗಾಲುವೆಗೆ ಇಳಿಯುವ ನಾಯಿ. ಆ ಕಾಲುವೆಯ ಅಂಚಿನಲ್ಲೇ ಜೇನುನೊಣಗಳು ನೀರು ಕುಡಿಯುತ್ತವೆ. ಸೊಸೆಯ ಆಕ್ಷೇಪ ಇಲ್ಲಿ ಪೂರ್ತಿ ಸರಿ. ಕೆಂಚನಿಗೆ ಮೈಮೇಲಿನ ಹನಿ ಬೇಡ ಎಂದು ನಾನೇ ಹೇಳಿದೆ.

ಉಳಿದದ್ದು ಬಾಯಿಯಿಂದ ಕೊಡುವ ಐಸೋಕ್ಸಜೋಲಿನ್ ಗುಂಪಿನ ಮಾತ್ರೆ. ಅಫೊಕ್ಸೊಲಾನರ್, ಫ್ಲೂರಲಾನರ್, ಸರೊಲಾನರ್ ಈ ಗುಂಪಿನವು. ಔಷಧ ರಕ್ತದಲ್ಲಿರುತ್ತದೆ, ಕಚ್ಚಿದ ಚಿಗಟ ನರ ಕೆಟ್ಟು ಕೆಲವು ಗಂಟೆಗಳಲ್ಲಿ ಸಾಯುತ್ತದೆ. ಮೈ ಮುಟ್ಟಿದ ಮಗುವಿನ ಕೈಗೆ ಏನೂ ಹತ್ತುವುದಿಲ್ಲ. ಫಿಟ್ಸ್‌ನ ಮಾತು ಸುಳ್ಳಲ್ಲ. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಈ ಗುಂಪಿನ ಬಗ್ಗೆ ಎಚ್ಚರಿಕೆ ಹೊರಡಿಸಿ, ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಫಿಟ್ಸ್ ಕಾಣಬಹುದೆಂದು ಹೇಳಿತು. ಹೆಚ್ಚಿನ ನಾಯಿಗಳಿಗೆ ಸುರಕ್ಷಿತವೆಂದೂ ಅದೇ ಹೇಳಿತು. ಹಿಂದೆ ಫಿಟ್ಸ್ ಬಂದ ನಾಯಿಗೆ ನಾನು ಕೊಡುವುದಿಲ್ಲ. ಕೆಂಚನಿಗೆ ಹಾಗೆ ಬಂದದ್ದಿಲ್ಲ. ಆದರೂ ಡೆಲ್ಟಾಮೆಥ್ರಿನ್ ಮೈಗೇರಿ ದಿನಗಳಷ್ಟೇ ಆಗಿದ್ದವು, ಹಾಗಾಗಿ ಸ್ನಾನ ಮಾಡಿಸಿ ಒಂದು ವಾರ ಕಾದೆವು. ಆ ವಾರ ಹಣಿಗೆ, ಕೆರೆತಕ್ಕೆ ಅಲ್ಪಾವಧಿಯ ಮಾತ್ರೆ, ಊಟಕ್ಕೆ ಬೇಯಿಸಿದ ಕೋಳಿ ಲಿವರ್. ಯಜಮಾನರು ಕೇಳಿದ ಒಂದೇ ಪ್ರಶ್ನೆ, "ಉಣುಗಿಗೂ ಆಗುತ್ತದೆಯೇ?" ಆಗುತ್ತದೆ ಎಂದೆ. ಅವರ ಮುಖ ಮೊದಲ ಬಾರಿಗೆ ಸಡಿಲವಾಯಿತು.

ಹನ್ನೆರಡು ವಾರ ನಿಲ್ಲುವ ಫ್ಲೂರಲಾನರ್ ಆರಿಸಿದೆ. 18 ಕಿಲೋ ತೂಕಕ್ಕೆ 500 ಮಿಲಿಗ್ರಾಂ ಮಾತ್ರೆ, ಊಟದ ಜೊತೆ. ಈ ಔಷಧ ಬಹುಪಾಲು ಮಲದಲ್ಲಿ ಹೊರಹೋಗುವುದರಿಂದ, ಕೆಂಚನ ಮಲವನ್ನು ಕಾಲುವೆಯಿಂದ ದೂರ ಹೂಳಬೇಕೆಂದು ಹೇಳಿದೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇರೆ. ಬೂದು ಬೆಕ್ಕಿಗೂ ಮನೆಯ ಇನ್ನೊಂದು ಬೆಕ್ಕಿಗೂ ಬೆಕ್ಕಿನದೇ ಅಳತೆಯ ಫಿಪ್ರೋನಿಲ್ ಹನಿ, ಬೆಕ್ಕು ಕಾಲುವೆಗೆ ಇಳಿಯುವ ಪ್ರಾಣಿಯಲ್ಲ. ಚೇತರಿಸಿಕೊಂಡ ಬೂದು ಬೆಕ್ಕಿಗೆ ಎರಡು ವಾರ ತಡೆದು ಹಾಕಿದೆವು.

ಮನೆಯೊಳಗೆ ಸಿಂಪಡಣೆ ಬೇಡವೆಂದು ಸೊಸೆ ಪಟ್ಟು ಹಿಡಿದರು. ಸಾಮಾನ್ಯವಾಗಿ ಇಷ್ಟು ಚಿಗಟವಿರುವ ಮನೆಗೆ ಮರಿಗಳ ಬೆಳವಣಿಗೆ ತಡೆಯುವ ಪೈರಿಪ್ರಾಕ್ಸಿಫೆನ್ ಸಿಂಪಡಿಸಲು ಹೇಳುತ್ತೇನೆ. ಇಲ್ಲಿ ಒಪ್ಪಿಕೊಂಡೆ, ಏಕೆಂದರೆ ಆಕೆ ಬದಲಿಗೆ ಕೈಕೆಲಸ ಮಾಡಲು ಸಿದ್ಧರಿದ್ದರು, ಮತ್ತು ಆ ಮನೆಯಲ್ಲಿ ಇಪ್ಪತ್ನಾಲ್ಕು ಗಂಟೆ ಕುದಿಯುವ ನೀರಿತ್ತು.

ಚಿಗಟದ ಮೊಟ್ಟೆ ಮರಿಗಳಿಗೆ ಕುದಿಯುವ ನೀರಿಗಿಂತ ಕ್ರೂರ ಶತ್ರು ಇಲ್ಲ. ಗೋಣಿಚೀಲ ಒಲೆಗೆ ಹೋಯಿತು. ಅದರ ಜಾಗಕ್ಕೆ ಹಳೆಯ ಹತ್ತಿ ಸೀರೆಯ ಎರಡು ಹಾಸಿಗೆ. ವಾರಕ್ಕೆ ಎರಡು ಬಾರಿ ಒಂದನ್ನು ಹಂಡೆಯ ನೀರಿನಲ್ಲಿ ಅದ್ದಿ, ಒಲೆಯ ಮೇಲಿನ ತಂತಿಯಲ್ಲಿ ಗರಿಗರಿ ಒಣಗಿಸುವುದು. ಸೌದೆಯ ಮೂಲೆ ಖಾಲಿ ಮಾಡಿ ಬಿರುಕುಗಳಿಗೆ ಸಿಮೆಂಟ್ ಮೆತ್ತಿದರು. ತೆಂಗಿನ ಕಡ್ಡಿಯ ಹಿಡಿಯಿಂದ ದಿನವೂ ಮೂಲೆ ಕೆರೆದು ಗುಡಿಸಿ, ಕಸವನ್ನು ನೇರ ಒಲೆಗೆ ಹಾಕಿ, ನೆಲಕ್ಕೆ ಕುದಿನೀರು ಸುರಿದರು. ದರಗಿನ ರಾಶಿಯನ್ನು ಇಡಿಯಾಗಿ ಗೊಬ್ಬರಗುಂಡಿಗೆ ತಳ್ಳಿ ಸಗಣಿಯೊಂದಿಗೆ ಪದರ ಹಾಕಿದರು, ಕೊಳೆಯುವ ಗೊಬ್ಬರದ ಒಳಶಾಖಕ್ಕೆ ಯಾವ ಮರಿಯೂ ಉಳಿಯುವುದಿಲ್ಲ. ಇದರಲ್ಲಿ ಒಂದು ತೊಟ್ಟು ವಿಷವಿಲ್ಲ, ಒಂದು ಪೈಸೆಯ ಖರ್ಚೂ ಇಲ್ಲ ಎನ್ನುವಷ್ಟು ಕಡಿಮೆ. ನೈಸರ್ಗಿಕ ವಿಧಾನ ಎಂದರೆ ಬಾಟಲಿಯಲ್ಲಿ ತಂದು ನಾಯಿಗೆ ಬಳಿಯುವ ಎಣ್ಣೆ ಎಂದು ಆರು ವಾರ ನಂಬಿದ್ದ ಮನೆಯಲ್ಲಿ, ನಿಜವಾಗಿ ಕೆಲಸ ಮಾಡಿದ ನೈಸರ್ಗಿಕ ವಿಧಾನ ಹಿಡಿಸೂಡಿ ಮತ್ತು ಹಂಡೆ.

ಹನ್ನೆರಡನೆಯ ದಿನ

ಸೊಸೆ ಒಂದು ಹಳೆಯ ನೋಟುಪುಸ್ತಕದಲ್ಲಿ ಲೆಕ್ಕ ಬರೆಯತೊಡಗಿದರು. ದಿನಕ್ಕೆ ಹತ್ತು ನಿಮಿಷ ಬಾಚಿದಾಗ ಸಿಕ್ಕ ಚಿಗಟ ಎಷ್ಟು, ತಟ್ಟೆಯಲ್ಲಿ ಬಿದ್ದದ್ದು ಎಷ್ಟು. ಮಾತ್ರೆ ಕೊಟ್ಟ ಮೂರನೆಯ ದಿನ ಹಣಿಗೆಗೆ ಸಿಕ್ಕಿದ್ದು ಒಂದೇ, ಅದೂ ಸತ್ತದ್ದು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು.

ಹನ್ನೆರಡನೆಯ ದಿನ ಹಣಿಗೆಗೆ 8 ಸಿಕ್ಕವು. ಹದಿನೆಂಟನೆಯ ದಿನ 14. ಫೋನಿನಲ್ಲಿ ಸೊಸೆಯ ದನಿ ಕುಸಿದಿತ್ತು. ಹಿನ್ನೆಲೆಯಲ್ಲಿ ಯಜಮಾನರು, "ಇಷ್ಟು ದುಡ್ಡಿನ ಮಾತ್ರೆಯೂ ಹಿಡಿಯಲಿಲ್ಲ, ನಾನು ಕೊಟ್ಟಿಗೆಗೆ ಔಷಧ ಹೊಡೆಯುತ್ತೇನೆ" ಎನ್ನುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಹೆಚ್ಚಿನ ಮನೆಗಳು ಕೈಬಿಡುವುದು ಇದೇ ಘಟ್ಟದಲ್ಲಿ. ಒಂದು ಔಷಧ ಬಿಟ್ಟು ಇನ್ನೊಂದು, ಅದರ ಮೇಲೆ ಮತ್ತೊಂದು ಸುರಿಯುವುದೂ ಇಲ್ಲೇ. ನಾನು ಅಂದೇ ಸಂಜೆ ಅಲ್ಲಿಗೆ ಹೋದೆ.

ಚಿಗಟದ ಮರಿ ರೇಷ್ಮೆಯಂಥ ಅಂಟು ಗೂಡು ನೇಯ್ದುಕೊಳ್ಳುತ್ತದೆ. ಧೂಳು, ಮರಳು ಅದಕ್ಕೆ ಮೆತ್ತಿಕೊಂಡು ಕಣ್ಣಿಗೆ ಕಾಣದಂತಾಗುತ್ತದೆ. ಆ ಗೂಡಿನೊಳಗೆ ಔಷಧ ಇಳಿಯುವುದಿಲ್ಲ, ಗುಡಿಸಿದರೆ ಸುಲಭಕ್ಕೆ ಏಳುವುದಿಲ್ಲ. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದ ಕ್ಷಣ ಹೊರಗೆ ನೆಗೆಯುತ್ತದೆ. ಬೇಸಗೆ ರಜೆಯಲ್ಲಿ ಬೀಗ ಹಾಕಿದ್ದ ಮನೆಗೆ ಮರಳಿದವರ ಕಾಲಿಗೆ ಚಿಗಟ ಮುತ್ತುವುದು ಇದರಿಂದಲೇ. ನಾವು ದಿನವೂ ಕೆರೆದು ಗುಡಿಸುತ್ತಿದ್ದುದೇ ಅವನ್ನು ಎಬ್ಬಿಸುತ್ತಿತ್ತು. ಹಣಿಗೆಗೆ ಸಿಕ್ಕ 14 ಚಿಗಟಗಳು ಹೊಸದಾಗಿ ಹೊರಬಂದವು, ಮಾತ್ರೆ ಕೊಡುವ ಮೊದಲು ಇಟ್ಟ ಮೊಟ್ಟೆಗಳಿಂದ ಬಂದವು. ಹೀಗೆ ಬಂದವೆಲ್ಲ ಕೆಂಚನನ್ನು ಕಚ್ಚುತ್ತವೆ, ಮೊಟ್ಟೆಯಿಡುವ ಮೊದಲೇ ಸಾಯುತ್ತವೆ. ಗೂಡಿನಲ್ಲಿ ಉಳಿದ ಸಾಲವನ್ನು ಕೆಂಚನ ಮೈಯೇ ವಸೂಲು ಮಾಡುತ್ತಿದೆ, ತಡೆಯಬೇಡಿ ಎಂದೆ. ಮಲಗುವ ಜಾಗಕ್ಕೆ ಬರದಂತೆ ಅದನ್ನು ಹೊರಗೆ ಕಟ್ಟಲೂ ಬೇಡಿ, ಅದು ದೂರವಾದರೆ ಹಸಿದ ಚಿಗಟ ಮಗುವಿನ ಕಾಲಿಗೆ ಬರುತ್ತದೆ.

ಯಜಮಾನರಿಗೆ ಮಾತಿಗಿಂತ ನೋಟ ಮುಖ್ಯ. ಬಾಚಿ ತೆಗೆದ ಚಿಗಟವನ್ನು ಬಿಳಿ ಕಾಗದದ ಮೇಲೆ ಇಟ್ಟು ಭೂತಗನ್ನಡಿ ಕೊಟ್ಟೆ. ಹೊಟ್ಟೆ ಚಪ್ಪಟೆ, ಮೊಟ್ಟೆ ತುಂಬಿದ ಹೆಣ್ಣು ಒಂದೂ ಇಲ್ಲ. ಹಣಿಗೆಯಲ್ಲಿ ಕರಿ ಹಿಕ್ಕೆಯೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ, ಕೊಟ್ಟಿಗೆಯ ಗೂಡಿನಲ್ಲಿದ್ದ ಔಷಧದ ಬಾಟಲಿಯನ್ನು ತಂದು ನನ್ನ ಮುಂದಿಟ್ಟು, "ದನಕ್ಕೆ ಹಾಕುವಾಗ ಎಷ್ಟು ನೀರು ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಡಿ" ಎಂದರು. ಬರೆದು ಬಾಟಲಿಗೆ ಅಂಟಿಸಿದೆ. ಕೆಳಗೆ ಬೆಕ್ಕಿನ ಚಿತ್ರ ಬಿಡಿಸಿ ಅಡ್ಡಗೆರೆ ಎಳೆದದ್ದು ಮಗು.

ಮೂವತ್ತನೆಯ ದಿನ ಹಣಿಗೆಗೆ 5. ತಟ್ಟೆಯಲ್ಲಿ 3. ನಲವತ್ತೈದನೆಯ ದಿನ ಹಣಿಗೆಗೆ 1. ಅರವತ್ತನೆಯ ದಿನ ಎರಡೂ ಕಡೆ ಸೊನ್ನೆ. ಹಿಮೋಗ್ಲೋಬಿನ್ 12.6ಕ್ಕೆ ಏರಿತ್ತು. ಸೊಂಟದ ಮೇಲೆ ಮೊದಲು ಹತ್ತಿಯಂಥ ಮೆದು ಕೂದಲು, ಆಮೇಲೆ ಅದರದೇ ಕೆಂಚು ಬಣ್ಣ ಬಂತು. ಜೇನುಪೆಟ್ಟಿಗೆ ಐದೂ ಹಾಗೆಯೇ ಇದ್ದವು.

ಅಕ್ಟೋಬರಿನಲ್ಲಿ ಎರಡನೆಯ ಮಾತ್ರೆ ಕೊಟ್ಟೆವು. ಆಮೇಲೆ ಕೊಡುವುದೋ ಬಿಡುವುದೋ ಎಂಬ ಬಗ್ಗೆ ಮಾವ ಸೊಸೆಯ ನಡುವೆ ಮತ್ತೆ ಸಣ್ಣ ಚರ್ಚೆ ನಡೆಯಿತಂತೆ. ಬೇಸಗೆ ಉಣುಗಿನ ಕಾಲ, ಹಾಗಾಗಿ ಕಾಡಿಗೆ ಹೋಗುವ ನಾಯಿಗೆ ಆ ತಿಂಗಳುಗಳಲ್ಲಿ ಮಾತ್ರೆ ಇರಲಿ ಎಂಬ ಯಜಮಾನರ ಪಟ್ಟನ್ನು ನಾನು ಬೆಂಬಲಿಸಿದೆ. ಅದು ಮುಗಿದ ಮೇಲೆ ಕೇವಲ ಹಣಿಗೆ ಮತ್ತು ಹಂಡೆಯ ಮೇಲೆ ಎಷ್ಟು ದಿನ ನಡೆಸಬಹುದೆಂದು ನೋಡೋಣ ಎಂಬ ಸೊಸೆಯ ಆಸೆಗೂ ಅಡ್ಡಿ ಹೇಳಲಿಲ್ಲ. ಎಣಿಸುವವರ ಮನೆಯಲ್ಲಿ ಆ ಸ್ವಾತಂತ್ರ್ಯ ಕೊಡಬಹುದು.

ಮರುವರ್ಷ ಜೂನ್ ಮೂರನೆಯ ವಾರ ಫೋನ್ ಬಂತು. "ಡಾಕ್ಟರೇ, ಇವತ್ತು ಹಣಿಗೆಗೆ ಮೂರು ಸಿಕ್ಕವು. ಒಂದರ ಹೊಟ್ಟೆ ದಪ್ಪಗಿದೆ. ಹಾಸಿಗೆ ಹಂಡೆಗೆ ಹಾಕಿದ್ದೇನೆ. ತೂಕ ಈಗ ಹತ್ತೊಂಬತ್ತು ಕಿಲೋ. ಅದೇ ಮಾತ್ರೆ ಸಾಕೇ, ದೊಡ್ಡದು ಬೇಕೇ?"

ಅದೇ ಸಾಕು ಎಂದೆ.